ನಮ್ಮ ಪಾದರಸ

ಅಂದಾನೆಪ್ಪ ಹಡಪದ ಕ್ಷೌರದ ಕತ್ತಿ ಕೆಳಗಿಟ್ಟದ್ದು ಒಂದು ಮದುವೆಯ ಮನೆಯಲ್ಲಿ. ಅರಿಸಿನ ಹಚ್ಚಿಕೊಂಡು ಕುಳಿತಿದ್ದ ಮದುಮಗನ ಕೆನ್ನೆಗೆ ಕತ್ತಿ ತಾಕಿಸಿದ್ದೇ ತಡ, ಕೈ ತನ್ನಷ್ಟಕ್ಕೆ ತಾನೇ ಅದುರಿ, ಕಿವಿಯ ಕೆಳಗೆ ಬೆರಳುದ್ದದ ಗಾಯವಾಯಿತು. ಅರಿಸಿನದ ಮೇಲೆ ರಕ್ತ ಇಳಿಯುವುದನ್ನು ನೋಡಿ ಹೆಂಗಸರು ಒಳಗೆ ಓಡಿದರು. ಹುಡುಗನ ಸೋದರಮಾವ, ಅಂದಾನೆಪ್ಪ ಕುಡಿದು ಬಂದಿದ್ದಾನೆಂದು ಬಾಯಿಗೆ ಬಂದಂತೆ ಬೈದ. ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದ ಮನುಷ್ಯನಲ್ಲ ಆತ. ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ಬಂದವನು ಮತ್ತೆ ಅದನ್ನು ತೆರೆಯಲಿಲ್ಲ.

ಮಗಳು ನೀಲಾಂಬಿಕೆ ಆಗ ರಸಾಯನಶಾಸ್ತ್ರ ಓದುತ್ತಿದ್ದಳು. ಅಪ್ಪನ ಬಾಯಲ್ಲಿ ಸದಾ ಜೊಲ್ಲು ತುಂಬುವುದು, ಏನು ತಿಂದರೂ ತಾಮ್ರದ ಬಿಲ್ಲೆ ಚೀಪಿದ ಹಾಗಾಗುತ್ತದೆ ಎನ್ನುವುದು, ಇವೆಲ್ಲ ಅವಳಿಗೆ ಎಲ್ಲೋ ಓದಿದ ಹಾಗಿತ್ತು. ಒಂದು ಹಿಡಿ ಕೂದಲು ಕತ್ತರಿಸಿಕೊಂಡು ಹೋಗಿ ಕಾಲೇಜಿನಲ್ಲಿ ಪರೀಕ್ಷಿಸಿದಳು. ಇರಬೇಕಾದ್ದಕ್ಕಿಂತ ಮೂವತ್ತು ಪಟ್ಟು ಪಾದರಸ. ಆಮೇಲೆ ಅವರೂರು ತಳಗೇರಿಯ ಜನರೆಲ್ಲ ಅವಳ ಮುಂದೆ ತಲೆ ಬಗ್ಗಿಸಿ ಕುಳಿತರು. ಅವಳಪ್ಪನ ಮುಂದೆ ಕುಳಿತು ಅಭ್ಯಾಸವಾದವರೇ ಅವರು. ಒಬ್ಬರ ಕೂದಲೂ ಚೊಕ್ಕ ಇರಲಿಲ್ಲ.

ಪಾದರಸ ಬಂದದ್ದು ಊರಿನ ಮೇಲ್ಗಡೆಯ ಹೊನ್ನಗುಡ್ಡದಿಂದ. ನೂರೈವತ್ತು ವರ್ಷಗಳ ಹಿಂದೆ ಬಿಳಿಯರ ಕಂಪನಿಯೊಂದು ಅಲ್ಲಿ ಚಿನ್ನ ತೆಗೆಯುತ್ತಿತ್ತು. ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ, ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ನೀರಿನೊಡನೆ ಹರಿಸಿದರೆ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಉಳಿದ ರಾಡಿಯನ್ನು, ಅದರ ಜೊತೆ ತೊಳೆದುಹೋದ ಪಾದರಸವನ್ನು, ಕೆಂಚಿಹೊಳೆಗೆ ಬಿಟ್ಟರು. ಚಿನ್ನ ಹಡಗು ಹತ್ತಿತು, ಕಂಪನಿಯೂ ಹೋಯಿತು. ಪ್ರತಿ ಪ್ರವಾಹವೂ ಆ ರಾಡಿಯನ್ನು ಇಷ್ಟಿಷ್ಟೇ ಎತ್ತಿ ಬಯಲಿನ ಮೇಲೆ ಹಾಸಿತು. ಆಮೇಲೆ ಕಾಲುವೆ ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನಿಂತ ನೀರಿನ ಕೆಸರಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ಪಾದರಸವನ್ನು ರಕ್ತಕ್ಕೆ, ಮಿದುಳಿಗೆ ಇಳಿಯಬಲ್ಲ ರೂಪಕ್ಕೆ ತಿರುಗಿಸುತ್ತವೆ. ಅದು ಕಾಳಿನಲ್ಲಿ ಕೂರುತ್ತದೆ. ತಳಗೇರಿಯವರು ತಮ್ಮ ಹೊಲದ ಅನ್ನವನ್ನೇ ಹೊಟ್ಟೆ ತುಂಬ ಉಂಡು ಹಾಳಾಗಿದ್ದರು.

ಶುದ್ಧಿ ಕೇಂದ್ರ ಬಂದದ್ದು ಇದಾದ ಎಷ್ಟೋ ವರ್ಷಕ್ಕೆ. ಮಣ್ಣನ್ನು ಅಗೆದು ಸಾಗಿಸದೆ, ಇದ್ದಲ್ಲೇ ತೊಳೆಯುವ ವಿಧಾನ ಅದು. ಹೊಲದ ಎರಡು ಅಂಚಿಗೆ ಇಂಗಾಲದ ಸರಳುಗಳನ್ನು ಹೂತು, ಅಯೋಡಿನ್ ಬೆರೆಸಿದ ನೀರು ಬಿಟ್ಟು, ತೀರಾ ಸಣ್ಣ ವಿದ್ಯುತ್ತನ್ನು ತಿಂಗಳುಗಟ್ಟಲೆ ಹರಿಸುತ್ತಾರೆ. ಪಾದರಸ ಕರಗಿ, ದಿನಕ್ಕೆ ಒಂದು ಗೇಣಿನಂತೆ ಸರಳಿನ ಕಡೆ ತೆವಳುತ್ತದೆ. ಅಲ್ಲಿಂದ ಕೊಳವೆಯಲ್ಲಿ ಕೇಂದ್ರಕ್ಕೆ ಬಂದು ಮತ್ತೆ ಲೋಹವಾಗಿ, ಗಾಜಿನ ಬುರುಡೆಯ ತಳದಲ್ಲಿ ಹನಿ ಹನಿಯಾಗಿ ಕೂಡುತ್ತದೆ. ನೋಡಲು ಬಂದವರಿಗೆಲ್ಲ ಅದು ಚೆಂದ ಕಾಣುತ್ತಿತ್ತು. ಹನ್ನೊಂದು ವರ್ಷಗಳಿಂದ ಅಲ್ಲಿಯೇ ಕೆಲಸ ಮಾಡುತ್ತಿದ್ದ ನೀಲಾಂಬಿಕೆಗೆ ಮಾತ್ರ ಅದರಲ್ಲಿ ಹೊಲಸು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಪ್ಪನ ಬಾಯಿಂದ ಇಳಿಯುವ ಜೊಲ್ಲೂ ಬೆಳಕಿಗೆ ಹೀಗೆಯೇ ಹೊಳೆಯುತ್ತಿತ್ತು.

ನಿಯಂತ್ರಣ ಕೋಣೆಯ ಗೋಡೆ ತುಂಬ ಬಯಲಿನ ನಕ್ಷೆ. ವಿಷವಿದ್ದ ಹೊಲ ಕೆಂಪು, ತೊಳೆಯುತ್ತಿರುವ ಹೊಲ ಹಳದಿ, ಶುದ್ಧವಾದ ಹೊಲ ಹಸಿರು. ನಕ್ಷೆಯ ಬಣ್ಣ ಊರೊಳಗೂ ಇಳಿದಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯ ಹೆಸರಿಗಿಂತ ಮೊದಲು ಹೊಲದ ಬಣ್ಣ ಕೇಳುತ್ತಿದ್ದರು. ಕೆಂಪು ಹೊಲದವರ ಮನೆಯಲ್ಲಿ ಬೀಗರು ನೀರು ಕುಡಿದರೂ ಊಟಕ್ಕೆ ಏಳುತ್ತಿರಲಿಲ್ಲ. ನೀಲಾಂಬಿಕೆಯ ಗಂಡ ಅಮರೇಶನ ನಾಲ್ಕು ಎಕರೆ ಇನ್ನೂ ಕೆಂಪಾಗಿತ್ತು. ಸರದಿಯ ಪ್ರಕಾರ ಮುಂದಿನ ತಿಂಗಳು ಅದಕ್ಕೆ ಸರಳು ಹೂಳಬೇಕಿತ್ತು.

ಕೇಂದ್ರದ ನಿರ್ದೇಶಕ ಡಾ. ತೊರವಿ ಮಾತುಗಾರ. ತೆಗೆದ ಪಾದರಸವನ್ನು ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮೇಜಿನ ಮೇಲಿದ್ದ ಕೆಂಪು ಇಟ್ಟಿಗೆಯೊಂದನ್ನು ಅವರ ಕೈಗೆ ಕೊಡುತ್ತಿದ್ದರು. ಪಾದರಸಕ್ಕೆ ಗಂಧಕ ಬೆರೆಸಿದರೆ ಅದು ಮತ್ತೆ ಕಲ್ಲಾಗುತ್ತದೆ. ಕಲ್ಲು ಆವಿಯಾಗುವುದಿಲ್ಲ, ನೀರಿಗೆ ಕರಗುವುದಿಲ್ಲ. ಅಂಥ ಇಟ್ಟಿಗೆಗಳನ್ನು ಆಳದ ಗುಂಡಿಯಲ್ಲಿ ಹೂಳುತ್ತೇವೆ, ಭೂಮಿಯಿಂದ ಬಂದದ್ದು ಭೂಮಿಗೆ ಹೋಯಿತು ಎಂದು ಅವರು ಹೇಳಿದಾಗ ಕೇಳಿದವರು ತಲೆದೂಗುತ್ತಿದ್ದರು. ನೀಲಾಂಬಿಕೆಯೂ ನಂಬಿದ್ದಳು. ಒಂದೂಕಾಲು ವರ್ಷದ ಕೆಳಗೆ ಇಟ್ಟಿಗೆಯ ವಿಭಾಗವನ್ನು ಹಿಂದಿನ ಶೆಡ್ಡಿಗೆ ಸಾಗಿಸಿ ಬೀಗ ಹಾಕಿದಾಗ, ಆವಿಯ ಅಪಾಯವಿದೆ ಎಂಬ ಮಾತನ್ನೂ ನಂಬಿದಳು.

ಹಾಗಿರುವಾಗ ಅವಳಿಗೊಂದು ಪಾರ್ಸೆಲ್ ಬಂತು. ಕಳಿಸಿದವರು ಲುದ್ರಿನಾ ಕುಜೂರ್ ಎಂಬ ವೈದ್ಯೆ. ದೂರದ ಪೂರ್ವ ಸೀಮೆಯ ಕಾಡಿನಲ್ಲಿ, ಸೋನಾಝರಿ ಎಂಬ ಹೊಳೆಯ ದಂಡೆಯಲ್ಲಿ ಆಕೆಯದೊಂದು ಸಣ್ಣ ದವಾಖಾನೆ. ಅಲ್ಲಿಯ ಹೆಂಗಸರು ಹೊಳೆಯ ಮರಳಿನಲ್ಲಿ ಚಿನ್ನ ಜಾಲಿಸುತ್ತಾರೆ. ಮೊದಲೆಲ್ಲ ಬರೀ ಮರದ ಬಟ್ಟಲಿನಲ್ಲಿ ನೀರಾಡಿಸಿ ಹೆಕ್ಕುತ್ತಿದ್ದರಂತೆ. ಈಗ ದಲ್ಲಾಳಿಗಳು ಪಾದರಸ ತಂದು ಕೊಡುತ್ತಾರೆ. ಬರಿಗೈಯಲ್ಲಿ ಮರಳಿಗೆ ಕಲಸಿ, ಬಂದ ಮುದ್ದೆಯನ್ನು ಅಡಿಗೆ ಒಲೆಯ ಮೇಲೆ ಸುಟ್ಟರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನದ ಗುಂಡು ಉಳಿಯುತ್ತದೆ. ಅದೇ ಒಲೆಯ ಮೇಲೆ ಅನ್ನ, ಅದೇ ಗುಡಿಸಿಲಿನಲ್ಲಿ ಕೂಸು. ಹಲ್ಲಿನ ವಸಡಿನಿಂದ ರಕ್ತ ಸೋರುವ ಮಕ್ಕಳು ನನ್ನಲ್ಲಿಗೆ ಬರುತ್ತಿದ್ದಾರೆ, ಎಷ್ಟು ವಿಷ ಏರಿದೆ ಎಂದು ಅಳೆಯುವ ಯಂತ್ರ ಇಲ್ಲಿಲ್ಲ, ದಯವಿಟ್ಟು ನೋಡಿ ಹೇಳಿ ಎಂದು ಬರೆದಿದ್ದಳು. ಇಪ್ಪತ್ತಾರು ಹೆಂಗಸರ ಉದ್ದ ಕೂದಲಿನ ಎಳೆಗಳು, ಜೊತೆಗೆ ಒಂದು ಸಣ್ಣ ಬಾಟಲಿಯಲ್ಲಿ ದಲ್ಲಾಳಿ ಕೊಟ್ಟ ಪಾದರಸದ ಒಂದು ಹನಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆಯಾ ತಿಂಗಳು ರಕ್ತದಲ್ಲಿದ್ದ ಪಾದರಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀಲಾಂಬಿಕೆ ಒಂದೊಂದು ಎಳೆಯನ್ನೂ ಬುಡದಿಂದ ತುದಿಯವರೆಗೆ ತುಂಡು ಮಾಡಿ ಯಂತ್ರಕ್ಕೆ ಕೊಟ್ಟಳು. ಹದಿನಾಲ್ಕನೆಯ ಸೆಂಟಿಮೀಟರಿನ ಆಚೆಗೆ ಪಾದರಸ ಅಷ್ಟಿರಲಿಲ್ಲ. ಈಚೆಗೆ ಒಮ್ಮೆಲೇ ಏರಿತ್ತು. ಇಪ್ಪತ್ತಾರೂ ತಲೆಗಳಲ್ಲಿ ಅದೇ ಲೆಕ್ಕ.

ಅವಳ ಯಂತ್ರ ಇನ್ನೂ ಒಂದು ಕೆಲಸ ಮಾಡುತ್ತಿತ್ತು. ಪಾದರಸದ ಪರಮಾಣುಗಳಲ್ಲಿ ತೂಕದ ವ್ಯತ್ಯಾಸದ ಏಳು ಬಗೆಗಳಿವೆ. ಯಾವ ಗಣಿಯದು, ಎಷ್ಟು ವರ್ಷ ಎಂಥ ಮಣ್ಣು, ನೀರು, ಬಿಸಿಲು ಕಂಡಿದೆ ಎಂಬುದರ ಮೇಲೆ ಈ ಏಳರ ಪ್ರಮಾಣ ಕೊಂಚ ಕೊಂಚ ಬದಲಾಗುತ್ತದೆ. ಬೆರಳಚ್ಚಿನ ಹಾಗೆ. ನೂರೈವತ್ತು ವರ್ಷ ಕೆಂಚಿಹೊಳೆಯ ಕೆಸರಿನಲ್ಲಿ ಕೊಳೆತ ಪಾದರಸದ ಬೆರಳಚ್ಚು ನೀಲಾಂಬಿಕೆಗೆ ಬಾಯಿಪಾಠವಾಗಿತ್ತು. ಬಾಟಲಿಯ ಹನಿಯನ್ನು ಪರೀಕ್ಷಿಸಿದಾಗ ಪರದೆಯ ಮೇಲೆ ಬಂದದ್ದು ಅದೇ.

ಯಂತ್ರದಲ್ಲಿ ಹಿಂದಿನ ಮಾದರಿಯ ಶೇಷ ಉಳಿದಿರಬೇಕು ಎಂದುಕೊಂಡಳು. ಎರಡು ದಿನ ಯಂತ್ರವನ್ನು ಬಿಚ್ಚಿ ಆಮ್ಲದಲ್ಲಿ ತೊಳೆದಳು. ಮತ್ತೆ ಅದೇ ಬಂತು. ಕೂದಲುಗಳನ್ನು ನೋಡಿದಳು. ಹೊಳೆಯ ಮೀನು ತಿಂದದ್ದರಿಂದ ಬಂದ ಪಾಲನ್ನು ಕಳೆದರೆ ಉಳಿದದ್ದೂ ಅದೇ. ತಳಗೇರಿಯ ಮಣ್ಣು ನೂರಾರು ಮೈಲು ಆಚೆಯ, ಅವಳೆಂದೂ ನೋಡದ ಹೆಂಗಸರ ತಲೆಯಲ್ಲಿತ್ತು. ಅವಳು ಫಲಿತಾಂಶದ ಕಾಗದಗಳನ್ನು ಎತ್ತಿಕೊಂಡು ನಿರ್ದೇಶಕರ ಕೋಣೆಗೆ ಹೋದಳು.

ತೊರವಿಯವರು ಊಟ ಮಾಡುತ್ತಿದ್ದರು. ಬಯಲಿನ ಅನ್ನ ಅವರು ಮುಟ್ಟುವವರಲ್ಲ, ಡಬ್ಬಿ ಬೇರೆ ಊರಿನಿಂದ ಬರುತ್ತಿತ್ತು. ಅವಳು ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಅವರು ಮೊಸರನ್ನದ ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಓದಿದರು. ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಗಂಧಕ ಬೆರೆಸುವ ಯಂತ್ರ ಕೆಟ್ಟು ಒಂದೂಕಾಲು ವರ್ಷವಾಗಿದೆ ಎಂದರು. ರಿಪೇರಿಗೆ ಬರೆದರೆ ಮೇಲಿನವರು ಉತ್ತರವನ್ನೇ ಕೊಡಲಿಲ್ಲ, ಹೊಲಗಳಿಗೆ ಹರಿಸುವ ವಿದ್ಯುತ್ತಿನ ಹಣವನ್ನೂ ನಿಲ್ಲಿಸಿದರು. ಅಷ್ಟರಲ್ಲಿ ಪಾದರಸ ಕೊಳ್ಳುವವರು ತಾವಾಗಿಯೇ ಬಂದರು. ಆ ದುಡ್ಡಿನಿಂದಲೇ ಈಗ ಸರಳುಗಳಿಗೆ ವಿದ್ಯುತ್ ಹರಿಯುತ್ತಿದೆ. ಕೊಂಡ ಪಾದರಸ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ ಎಂದರು.

"ಕೇಳಬೇಕಾಗಿತ್ತಲ್ಲ ಸರ್."

"ನೀಲಾಂಬಿಕಾ, ಕೇಳಿದ್ದರೆ ಕೊಡಲಿಕ್ಕೆ ಆಗ್ತಿರಲಿಲ್ಲ. ಕೊಡದಿದ್ದರೆ ನಿಮ್ಮ ಬಯಲಿನಾಗ ನಾನೂರು ಹೊಲ ಹಸಿರು ಆಗ್ತಿರಲಿಲ್ಲ." ಅವರು ಒಂದು ತುತ್ತು ಉಂಡರು. "ಮುಂದಿನ ತಿಂಗಳು ನಿಮ್ಮ ಮನಿಯವರ ಹೊಲದ ಪಾಳಿ ಅಲ್ಲವೇನು?"

ಅವರ ಬೆರಳ ಸಂದಿಯಿಂದ ಮೊಸರು ಮಣಿಕಟ್ಟಿಗೆ ಇಳಿಯುತ್ತಿತ್ತು. ಅದನ್ನು ಅವರು ನೆಕ್ಕಿಕೊಂಡರು. ನೀಲಾಂಬಿಕೆಗೆ ಅಲ್ಲಿ ಇನ್ನೊಂದು ಗಳಿಗೆ ನಿಲ್ಲಲಾಗಲಿಲ್ಲ. ಬಾಗಿಲು ದಾಟುವಾಗ ಅವರು, ಹಿಂದಿನ ಶೆಡ್ಡಿನಲ್ಲಿ ಮೂವತ್ತೊಂದು ಉಕ್ಕಿನ ಸೀಸೆ ತುಂಬಿವೆ, ಸೋಮವಾರ ಲಾರಿ ಬರುತ್ತದೆ, ಅಲ್ಲಿಯವರೆಗೆ ಯೋಚನೆ ಮಾಡಿ ಎಂದರು.

ಮನೆಯಲ್ಲಿ ಅಪ್ಪ ಪಡಸಾಲೆಯಲ್ಲಿ ಕುಳಿತು ಗಂಜಿ ಕುಡಿಯುತ್ತಿದ್ದ. ರೊಟ್ಟಿ ಮುರಿಯಲು ಕೈ ನಿಲ್ಲುತ್ತಿರಲಿಲ್ಲವಾದ್ದರಿಂದ ಗಂಜಿ. ಬಟ್ಟಲು ಚೆಲ್ಲಬಾರದೆಂದು ಎರಡು ಮೊಣಕಾಲ ನಡುವೆ ಇರುಕಿಕೊಂಡಿದ್ದ. ಮೇಷ್ಟರ ಕೆಲಸದಲ್ಲಿದ್ದ ಅಮರೇಶ ಶಾಲೆಯಿಂದ ಆಗಷ್ಟೇ ಬಂದಿದ್ದ. ಇಬ್ಬರಿಗೂ ಅವಳು ಎಲ್ಲವನ್ನೂ ಹೇಳಿದಳು. ಅಮರೇಶ ಕೆಟ್ಟ ಮನುಷ್ಯನಲ್ಲ. ನಮ್ಮ ಹೊಲ ಆಗುವವರೆಗೆ ಮೂರು ತಿಂಗಳು ತಡೆಯಲು ಆಗುವುದಿಲ್ಲವೇ ಎಂದು ಕೇಳಿದ. ಹದಿನಾಲ್ಕು ತಿಂಗಳು ಆದದ್ದು ಆಗಿಹೋಗಿದೆ, ಇನ್ನು ಮೂರರಿಂದ ಏನು ಹೆಚ್ಚಾಗುತ್ತದೆ ಎಂದ. ಕೇಂದ್ರದಿಂದ ಮನೆಯವರೆಗೆ ಬರುವಾಗ ದಾರಿಯುದ್ದಕ್ಕೂ ಅವಳು ಹಾಕಿದ ಲೆಕ್ಕವೂ ಅದೇ ಆಗಿತ್ತು.

ಅಂದಾನೆಪ್ಪ ಬಟ್ಟಲನ್ನು ನೆಲಕ್ಕಿಟ್ಟ.

"ನೀಲವ್ವ, ಆ ಹೆಣ್ಮಕ್ಕಳು ಅದನ್ನ ಕೈಲೇ ಕಲಸ್ತಾರೇನು?"

"ಹೌದಪ್ಪ. ಬರಿಗೈಲೇ."

"ಹಂಗಾದ್ರ ನನ್ನ ಕೈಯಾಗಿಂದು ತಗದು ಅವರ ಕೈಯಾಗ ಇಟ್ಟಂಗಾತು." ಗದ್ದಕ್ಕೆ ಇಳಿದ ಜೊಲ್ಲನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. "ನಾವು ಉಗುಳಿದ್ದನ್ನ ಇನ್ನೊಬ್ರ ಬಾಯಾಗ ಹಾಕಿ, ನಮ್ಮ ಬಾಯಿ ಸ್ವಚ್ಛ ಆತು ಅಂತೀವಲ್ಲ. ಇದೇನು ಬಾಳೇವು ಯವ್ವ?"

ಭಾನುವಾರ ಬೆಳಿಗ್ಗೆ ನೀಲಾಂಬಿಕೆ ಸೊಸೈಟಿಯ ಗೋದಾಮಿನಲ್ಲಿ ಊರವರನ್ನು ಕೂಡಿಸಿದಳು. ತನಗೆ ಏನು ಬೇಕಿತ್ತೆಂದು ಅವಳಿಗೆ ಗೊತ್ತಿತ್ತು: ಲಾರಿಗೆ ಅಡ್ಡ ನಿಲ್ಲುವ ನೂರು ಜನ. ಹೇಳಬೇಕಾದ್ದನ್ನು ಬಿಡಿಸಿ ಬಿಡಿಸಿ ಹೇಳಿದಳು. ಕೇಳುತ್ತಿದ್ದವರೆಲ್ಲ ವಿಷವೆಂದರೇನೆಂದು ಬಲ್ಲವರು. ಕೆಲವರ ಮನೆಯಲ್ಲಿ ಮಾತು ತೊದಲುವ ಮಕ್ಕಳಿದ್ದರು, ಕೆಲವರ ಕಾಲು ಹಿಡಿತ ತಪ್ಪಿದ್ದವು. ಹೀಗಾಗಿ ಅವಳಿಗೆ ಧೈರ್ಯವಿತ್ತು.

ಮೊದಲು ಎದ್ದವಳು ಈರಮ್ಮ ಬಳಿಗಾರ. ಅವಳ ಹೊಲ ಹಳದಿಗೆ ಬಂದು ಎರಡು ತಿಂಗಳಾಗಿತ್ತು, ಮಗಳ ಲಗ್ನ ಹಸಿರಿಗಾಗಿ ಕಾಯುತ್ತಿತ್ತು.

"ಅಲ್ಲ ತಂಗಿ, ಅವರಿಗೆ ಕೈ ಹಾಕಬ್ಯಾಡ್ರಿ ಅಂತ ಒಂದು ಕಾಗದ ಬರದರ ಆಗೂದಿಲ್ಲೇನು? ಅದಕ್ಕ ನಮ್ಮ ಹೊಲ ಯಾಕ ನಿಲ್ಲಿಸಬೇಕು?"

ಆಮೇಲೆ ಎಲ್ಲರ ಬಾಯಿ ಬಿಚ್ಚಿತು. ನಮಗೆ ಯಾರು ಅತ್ತರು ಎಂದರು. ನಾವು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಾರೆ ಎಂದರು. ಆ ಕಾಡಿನ ಜನ ಎಂಥವರೋ ಏನೋ ಎಂದರು. ಹಸಿರು ಹೊಲದವರು ತಲೆ ತಗ್ಗಿಸಿಕೊಂಡು ಚಪ್ಪಲಿ ಹುಡುಕತೊಡಗಿದರು. ಒಬ್ಬನಂತೂ, ನೀಲಕ್ಕ ಇಷ್ಟು ದಿನ ಅಲ್ಲಿಯ ಸಂಬಳ ತಿಂದು ಈಗ ಶರಣೆ ಆಗ್ಯಾಳ ಎಂದು ನಕ್ಕ. ಚಿಕ್ಕಂದಿನಿಂದ ಕಂಡ ಮುಖಗಳೇ ಎಲ್ಲ. ಒಂದೊಂದು ಮುಖದ ಮೇಲೂ ತೊರವಿಯವರ ಮೊಸರು ಮೆತ್ತಿದ ಹಾಗೆ ಅವಳಿಗೆ ಕಂಡಿತು. ಈ ಜನಕ್ಕಾಗಿ ಹನ್ನೊಂದು ವರ್ಷ ಸವೆಸಿದೆನಲ್ಲ ಎಂದು ಹೇಸಿಗೆಯಾಯಿತು. ತನ್ನ ಲೆಕ್ಕವೂ ಇವರದೇ ಆಗಿತ್ತೆಂಬುದು ನೆನಪಾಗಿ ಆ ಹೇಸಿಗೆ ಇನ್ನೂ ಹೆಚ್ಚಾಯಿತು.

ಗೋದಾಮು ಖಾಲಿಯಾದಾಗ ಉಳಿದವರು ನಾಲ್ಕೇ ಜನ. ಅವಳು, ಅವಳಪ್ಪ, ಹಳೆಯ ಕಟ್ಟಡ ಮೇಸ್ತ್ರಿ ಹುಸೇನಸಾಬ, ಆತನ ಹೆಂಡತಿ ಖಾಜಾಬಿ. ಇವರ ಮೊದಲ ಮೊಮ್ಮಗಳು ಕೈಕಾಲು ಸೆಟೆದುಕೊಂಡೇ ಹುಟ್ಟಿ ಆರು ವರ್ಷ ಬದುಕಿ ಹೋಗಿದ್ದಳು. ಆ ಲಾರಿ ಬರುವುದರೊಳಗೆ ಏನು ಮಾಡಲು ಬರುತ್ತದೆ, ಅದನ್ನಷ್ಟು ಹೇಳು ಎಂದಳು ಖಾಜಾಬಿ.

ಮಾಡುವುದು ಬಹಳವೇನೂ ಇರಲಿಲ್ಲ. ಅದನ್ನು ಯೋಚಿಸಿದಾಗಲೇ ನೀಲಾಂಬಿಕೆಗೆ ತೊರವಿಯವರ ಮೇಲಿನ ಅಸಹ್ಯ ನೆತ್ತಿಗೇರಿದ್ದು. ಗಂಧಕದ ಯಂತ್ರ ಕೆಟ್ಟಿತೆಂಬುದು ಒಂದು ನೆಪ. ಪಾದರಸಕ್ಕೆ ಗಂಧಕದ ಪುಡಿ ಹಾಕಿ ಮುಚ್ಚಿದ ಡ್ರಮ್ಮಿನಲ್ಲಿ ಗಟ್ಟಿ ಗುಂಡುಗಳೊಡನೆ ಗಂಟೆಗಟ್ಟಲೆ ತಿರುಗಿಸಿದರೆ ಸಾಕು, ಅದು ಕಪ್ಪು ಪುಡಿಯಾಗುತ್ತದೆ. ಇಟ್ಟಿಗೆಯಷ್ಟು ಚೆಂದ ಕಾಣುವುದಿಲ್ಲ, ಆದರೆ ಅದೂ ಕಲ್ಲೇ. ಯಾವ ದಲ್ಲಾಳಿಗೂ ಬೇಡವಾದ ಕಲ್ಲು. ಗಂಧಕ ಊರಿನಲ್ಲೇ ಇತ್ತು. ಮೆಣಸಿನ ಗಿಡಕ್ಕೆ ಬೂದಿರೋಗ ಬಂದಾಗ ಉದುರಿಸಲು ಪ್ರತಿ ಮನೆಯವರೂ ಚೀಲಗಟ್ಟಲೆ ಇಟ್ಟುಕೊಂಡಿರುತ್ತಾರೆ. ಹುಸೇನಸಾಬನ ಹತ್ತಿರ ಎರಡು ಕಾಂಕ್ರೀಟು ಕಲಸುವ ಡ್ರಮ್ಮುಗಳಿದ್ದವು. ಶೆಡ್ಡಿನ ಬೀಗಕ್ಕೆ ಅವನ ಸುತ್ತಿಗೆ ಇತ್ತು. ಭಾನುವಾರ ಕೇಂದ್ರದಲ್ಲಿ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ. ಕಾವಲುಗಾರ, ಅಂದಾನೆಪ್ಪನ ಕೈಯಲ್ಲೇ ಜವಳ ತೆಗೆಸಿಕೊಂಡವನು, ನೀಲಕ್ಕ ಇಲ್ಲಿಯ ಅಧಿಕಾರಿಯಲ್ಲವೇ, ಅವರು ಒಳಗೆ ಹೋದರೆ ನಾನೇನು ಕೇಳಲಿ ಎಂದು ಗೇಟು ತೆರೆದ.

ಬಾಯಿಗೆ ಮುಸುಕು, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಡ್ರಮ್ಮಿನ ಬಾಯಿಗೆ ತಗಡು ಬಿಗಿದು, ಬಿಸಿಲಿಗೆ ಆವಿ ಏಳದಂತೆ ಮೇಲೆ ಒದ್ದೆ ಗೋಣಿ ಹೊದಿಸಿ ಕೆಲಸ ಹಿಡಿದರು. ಒಂದೊಂದು ಸೀಸೆ ಒಂದೊಂದು ಹೆಣದ ಹಾಗೆ ತೂಗುತ್ತಿತ್ತು. ಅಂದಾನೆಪ್ಪನಿಗೆ ಎತ್ತಲು ಆಗದು, ಸುರಿಯಲು ಆಗದು. ಅವನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತ. ಭಾನುವಾರ ಸಂಜೆಯ ಹೊತ್ತಿಗೆ ಇಪ್ಪತ್ತು ಸೀಸೆ ಮುಗಿದವು. ಸೋಮವಾರ ಬೆಳಕು ಹರಿಯುತ್ತಲೇ ಮತ್ತೆ ಶುರುಮಾಡಿದರು. ಒಂಬತ್ತಕ್ಕೆ ತೊರವಿಯವರು ಬಂದಾಗ ನಾಲ್ಕು ಉಳಿದಿದ್ದವು. ಅವರು ಅಂಗಳದಲ್ಲಿ ನಿಂತು, ಕಪ್ಪು ಪುಡಿಯ ಚೀಲಗಳನ್ನೂ ಇವರ ಹಳದಿ ಮೆತ್ತಿದ ಮೈಗಳನ್ನೂ ನೋಡಿದರು. ಮುಟ್ಟಲು ಹತ್ತಿರ ಬರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ನೀವು ಏನು ಕಳೆದುಕೊಂಡಿರಿ ಎಂಬುದು ನಿಮಗೆ ಗೊತ್ತಿಲ್ಲ ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಲಾರಿ ಬರುವಷ್ಟರಲ್ಲಿ ಆ ನಾಲ್ಕೂ ಮುಗಿದು, ಕೊಡಲು ಏನೂ ಇರಲಿಲ್ಲ. ಅದೇ ದಿನ ನೀಲಾಂಬಿಕೆ ತನ್ನ ಎಲ್ಲ ಫಲಿತಾಂಶಗಳನ್ನು, ಹೆಸರು ಹಾಕಿ, ಲುದ್ರಿನಾಗೂ ಸರ್ಕಾರಕ್ಕೂ ಪತ್ರಿಕೆಗಳಿಗೂ ಕಳಿಸಿದಳು.

ಆದದ್ದು ತೊರವಿಯವರು ಹೇಳಿದಂತೆಯೇ. ಕೇಂದ್ರವನ್ನು ಮುಚ್ಚಿದರು. ತೊರವಿಯವರಿಗೆ ಬೇರೆ ಕಡೆ ವರ್ಗವಾಯಿತು. ಸರಳುಗಳು ಹೂತಲ್ಲಿಯೇ ಉಳಿದವು. ಈರಮ್ಮನ ಹೊಲ ಹಳದಿಯಲ್ಲೇ ನಿಂತಿತು, ಮಗಳ ಲಗ್ನ ಮುರಿಯಿತು. ನೀಲಾಂಬಿಕೆ ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಅಮರೇಶ ಜಗಳವಾಡಲಿಲ್ಲ, ಆದರೆ ಹೊಲದ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಆ ಚಳಿಗಾಲದಲ್ಲಿ ಅಂದಾನೆಪ್ಪ ತೀರಿಕೊಂಡ. ಹೊರಲು ಹುಸೇನಸಾಬನ ಕಡೆಯವರೇ ಬರಬೇಕಾಯಿತು. ತನಿಖೆಗೆಂದು ಸರ್ಕಾರ ಪ್ರಯೋಗಾಲಯವನ್ನು ಮಾತ್ರ ತೆರೆದಿಟ್ಟಿತ್ತು, ಅದರಲ್ಲಿ ನೀಲಾಂಬಿಕೆಯೊಬ್ಬಳೇ ಕೂರುತ್ತಿದ್ದಳು.

ಹತ್ತು ತಿಂಗಳ ಮೇಲೆ ಲುದ್ರಿನಾಳಿಂದ ಎರಡನೆಯ ಪಾರ್ಸೆಲ್ ಬಂತು. ಈ ಸಲ ಇಪ್ಪತ್ತೈದೇ ಎಳೆಗಳು. ಒಂದು ಕಡಿಮೆ ಯಾಕೆಂದು ಪತ್ರದಲ್ಲಿ ಬರೆದಿರಲಿಲ್ಲ, ನೀಲಾಂಬಿಕೆ ಕೇಳಲೂ ಇಲ್ಲ. ಬುಡದ ಕಡೆಯಿಂದ ತುಂಡು ಮಾಡುತ್ತ ಯಂತ್ರಕ್ಕೆ ಕೊಟ್ಟಳು. ಲಾರಿ ಬರಿದಾಗಿ ಹೋದ ಮೇಲೆ ಎರಡು ತಿಂಗಳ ಮಟ್ಟಿಗೆ ಪಾದರಸ ಇಳಿದಿತ್ತು. ಆಮೇಲೆ ಮತ್ತೆ ಏರಿ, ಮೊದಲಿದ್ದಷ್ಟಕ್ಕೇ ಬಂದು ನಿಂತಿತ್ತು. ಯಾರೋ ಇಲ್ಲಿಂದಲೇ ಕದ್ದು ಕಳಿಸುತ್ತಿರಬೇಕೆಂದು ಆ ಪಾದರಸದ ಬೆರಳಚ್ಚು ತೆಗೆದಳು.

ಬೆರಳಚ್ಚು ಬೇರೆಯಾಗಿತ್ತು. ಏಳು ಬಗೆಯಲ್ಲಿ ನಾಲ್ಕು ಕೂಡುತ್ತಿರಲಿಲ್ಲ. ಇದು ಇನ್ನಾವುದೋ ಗಣಿಯದು, ಇನ್ನಾವುದೋ ಹೊಳೆಯ ಬಯಲಿನದು, ಇನ್ನಾರೋ ತಮ್ಮ ಮಣ್ಣು ತೊಳೆದು ಚೆಲ್ಲಿದ್ದು.

"ಸದ್ಯ, ನಮ್ಮದಲ್ಲ," ಎಂದಳು ನೀಲಾಂಬಿಕೆ. ಖಾಲಿ ಕೋಣೆಯಲ್ಲಿ ಮಾತು ದೊಡ್ಡದಾಗಿ ಕೇಳಿಸಿತು.

ಆ ಮಾತಿಗೆ ಹಗುರವಾದ ಮೈ ಇನ್ನೂ ಹಾಗೆಯೇ ಇರುವಾಗ, ತಾನು ಅಂದದ್ದೇನೆಂದು ಅವಳಿಗೆ ತಿಳಿಯಿತು. ಪರದೆಯ ಮೇಲಿನ ಇಪ್ಪತ್ತೈದು ಹೆಂಗಸರ ರಕ್ತದಲ್ಲಿ ಪಾದರಸ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಗೋದಾಮಿನಲ್ಲಿ ಚಪ್ಪಲಿ ಹುಡುಕಿದವರ ಮೇಲೆ, ಮೊಸರು ನೆಕ್ಕಿದವರ ಮೇಲೆ ಬಂದಿದ್ದ ಹೇಸಿಗೆ ಈಗ ಅವಳ ಸ್ವಂತ ನಾಲಿಗೆಯ ಮೇಲಿತ್ತು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಹೇಸಿಗೆ ಹೋಗಲಿಲ್ಲ.

ಆಮೇಲೆ ಕುಳಿತು ಲುದ್ರಿನಾಗೆ ಬರೆದಳು. ಫಲಿತಾಂಶ ಕಳಿಸುತ್ತಿದ್ದೇನೆ, ಈಗ ಬರುತ್ತಿರುವುದು ಬೇರೆ ಮೂಲದ್ದು ಎಂದು ಬರೆದು, ತುಸು ಹೊತ್ತು ಆ ಸಾಲನ್ನೇ ನೋಡುತ್ತ ಕುಳಿತಳು. ಅದನ್ನು ಹೊಡೆದು ಹಾಕಿ, ವಿಷ ಕಡಿಮೆಯಾಗಿಲ್ಲ, ಇದು ಯಾರದೆಂದು ಹುಡುಕುತ್ತಿದ್ದೇನೆ, ಅಲ್ಲಿಯ ದಲ್ಲಾಳಿಯ ಬಾಟಲಿ ಸಿಕ್ಕರೆ ಕೂಡಲೇ ಕಳಿಸು ಎಂದು ಬರೆದಳು. ಜಗತ್ತಿನ ಹಳೆಯ ಚಿನ್ನದ ಗಣಿಗಳ ಪಟ್ಟಿಯನ್ನು ತೆರೆದಳು. ಅದು ನಾನೂರು ಪುಟಗಳಷ್ಟಿತ್ತು. ಮೊದಲನೆಯ ಗಣಿಯ ಹೆಸರಿನ ಮೇಲೆ ಬೆರಳಿಟ್ಟು ಓದಲು ಶುರುಮಾಡಿದಳು.